ಸಿಎಚ್‌ಒ ನೋಡಿದರೆ ಸಾಕೇ, ಡಾಕ್ಟರೇ ಬೇಕೇ?

ಕೇಳುಗರೆಲ್ಲರಿಗೂ ನಮಸ್ಕಾರ.

ಹಳ್ಳಿಗಾಡಿನ ಪಿಎಚ್‌ಸಿಯಲ್ಲಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಕೆಲಸ ಮಾಡುವ ವೈದ್ಯರಿಗೆಲ್ಲ ಪದೇ ಪದೇ ಎದುರಾಗುವ ಪ್ರಶ್ನೆಯೊಂದಿದೆ. "ಡಾಕ್ಟ್ರೇ, ನಮ್ಮೂರ ಸಬ್‌ಸೆಂಟರ್‌ನಲ್ಲಿ ಸಿಎಚ್‌ಒ ಮೇಡಂ ಬಿಪಿ ನೋಡಿ ಮಾತ್ರೆ ಕೊಡ್ತಾರೆ. ಅವರು ನರ್ಸಿಂಗ್ ಓದಿದವರಂತೆ. ಅಲ್ಲೇ ತೋರಿಸಿಕೊಂಡ್ರೆ ನಡೆಯುತ್ತಾ, ಇಲ್ಲಾ ನಿಮ್ಮ ಹತ್ರಾನೇ ಬರಬೇಕಾ?" ಬಸ್ಸಿಗೆ ದುಡ್ಡು ಕೊಟ್ಟು, ಅಂದಿನ ಕೂಲಿ ಬಿಟ್ಟು ಬಂದವರು ಕೇಳುವ ಪ್ರಶ್ನೆ ಇದು. ನಾನೂ ಇದನ್ನು ಬಹಳ ಸಲ ಕೇಳಿಸಿಕೊಂಡಿದ್ದೇನೆ. ಇವತ್ತು ಸ್ವಲ್ಪ ಬಿಡಿಸಿ ಉತ್ತರ ಹೇಳುತ್ತೇನೆ.

ಸಿಎಚ್‌ಒ ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. 2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆ ಬಂದ ಮೇಲೆ ನಮ್ಮ ಉಪಕೇಂದ್ರಗಳಿಗೆ ಇವರು ಬಂದರು. ಇವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿ, ಸಮುದಾಯ ಆರೋಗ್ಯದಲ್ಲಿ ಪ್ರತ್ಯೇಕ ತರಬೇತಿ ಪಡೆದವರು. ಬಯಲು ಪ್ರದೇಶದಲ್ಲಿ ಸುಮಾರು 5,000 ಜನರಿಗೆ ಒಂದು ಉಪಕೇಂದ್ರ ಇರಬೇಕು. ಎಂಬಿಬಿಎಸ್ ವೈದ್ಯರಿರುವ ಪಿಎಚ್‌ಸಿ 30,000 ಜನರಿಗೆ ಒಂದು. ತಿಂಗಳು ತಿಂಗಳೂ ಬಿಪಿ ನೋಡುವ ಕೆಲಸ ಯಾರ ಕೈಯಲ್ಲಿ ಸರಿಯಾಗಿ ಆದೀತು ಎಂಬುದು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ.

ನರ್ಸ್‌ಗಳಿಗೆ ಹೀಗೆ ಹೆಚ್ಚಿನ ಹೊಣೆ ಕೊಡುವುದು ಹೊಸದೇನಲ್ಲ. 1965ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ನರ್ಸ್ ಪ್ರಾಕ್ಟೀಷನರ್, ಅಂದರೆ ರೋಗಿಯನ್ನು ತಾವೇ ಪರೀಕ್ಷಿಸಿ ಚಿಕಿತ್ಸೆ ಕೊಡುವ ನರ್ಸ್, ತರಬೇತಿ ಶುರು ಮಾಡಿದರು. ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರ ಬದಲು ನರ್ಸ್ ನೋಡಿದರೆ ಏನಾಗುತ್ತದೆ ಎಂಬುದರ ಬಗ್ಗೆ ನಡೆದ 18 ಪ್ರಯೋಗಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಒಟ್ಟಿಗೆ ಪರಿಶೀಲಿಸಿತು. ರೋಗಿಗಳ ಆರೋಗ್ಯ ವೈದ್ಯರು ನೋಡಿದಷ್ಟೇ ಚೆನ್ನಾಗಿತ್ತು, ಕೆಲವು ವಿಷಯಗಳಲ್ಲಿ ಇನ್ನೂ ಸ್ವಲ್ಪ ಮೇಲಿತ್ತು. ಆದರೆ ಅವುಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳಲ್ಲಿ ನಡೆದವು. ಇಂದು ಅಮೆರಿಕದ ನರ್ಸ್ ಪ್ರಾಕ್ಟೀಷನರ್‌ಗಳು ಸ್ನಾತಕೋತ್ತರ ಪದವಿ ಪಡೆದವರು. ನಮ್ಮ ಸಿಎಚ್‌ಒಗಳಿಗೆ ನರ್ಸಿಂಗ್ ಓದಿನ ಮೇಲೆ ಸಿಗುವ ತರಬೇತಿ 6 ತಿಂಗಳದ್ದು. ಹಾಗಾಗಿ ಆ ಫಲಿತಾಂಶವನ್ನು ಇದ್ದ ಹಾಗೇ ತಂದು ಇಲ್ಲಿಗೆ ಅಂಟಿಸುವುದು ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ.

ಈಗ ನಮ್ಮೂರಿಗೆ ಬರೋಣ. ಬಿಪಿ ಇದೆ, ಶುಗರ್ ಇದೆ ಅಂತ ವೈದ್ಯರು ಒಮ್ಮೆ ಗುರುತಿಸಿ, ಮಾತ್ರೆ ಗೊತ್ತುಮಾಡಿ ಕೊಟ್ಟ ಮೇಲೆ ತಿಂಗಳ ತಪಾಸಣೆಗೆ ದಯವಿಟ್ಟು ಸಿಎಚ್‌ಒ ಹತ್ತಿರವೇ ಹೋಗಿ. ವೈದ್ಯನಾಗಿ ಈ ಮಾತನ್ನು ಮನಸಾರೆ ಹೇಳುತ್ತಿದ್ದೇನೆ. ಸಂತೆಯ ದಿನ ನಮ್ಮ ಒಪಿಡಿಯಲ್ಲಿ ಸಾಲು ಗೇಟಿನವರೆಗೂ ಬೆಳೆದಿರುತ್ತದೆ. ಬಿಪಿ ಸರಿಯಾಗಿ ನೋಡಬೇಕಾದರೆ ರೋಗಿ ಐದು ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ಊರಿರಬೇಕು, ಪಟ್ಟಿ ಸುತ್ತಿದ ತೋಳು ಎದೆಯ ಮಟ್ಟಕ್ಕಿರಬೇಕು. ಆ ಐದು ನಿಮಿಷ ನಮ್ಮ ಹತ್ತಿರ ಎಲ್ಲಿಂದ ಬರಬೇಕು?

ಒಬ್ಬ ಅಜ್ಜಿ ನೆನಪಾಗುತ್ತಾರೆ. ಮಾತ್ರೆ ತಪ್ಪಿಸುತ್ತಿರಲಿಲ್ಲ, ಆದರೂ ಬಿಪಿ ಇಳಿಯುತ್ತಿರಲಿಲ್ಲ. ಅವರೂರಿನ ಸಿಎಚ್‌ಒ ಒಂದು ದಿನ, "ಅಜ್ಜಿ, ಚೀಲದಲ್ಲಿರೋ ಮಾತ್ರೆ ಎಲ್ಲಾ ತೆಗೀರಿ" ಅಂದರಂತೆ. ಎಲೆ ಅಡಿಕೆ ಸಂಚಿಯಿಂದ ಮಂಡಿನೋವಿನ ಮಾತ್ರೆ ಹೊರಗೆ ಬಂತು. ಮೆಡಿಕಲ್ ಶಾಪ್‌ನಲ್ಲಿ ಬಿಡಿಯಾಗಿ ತಂದು ದಿನಾ ನುಂಗುತ್ತಿದ್ದರು. ಅಂಥ ನೋವಿನ ಮಾತ್ರೆಗಳಲ್ಲಿ ಹಲವು ಬಿಪಿ ಏರಿಸುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ. ಸಿಎಚ್‌ಒ ಅದನ್ನು ನಿಲ್ಲಿಸಿ, ಚೀಟಿ ಬರೆದು ನಮ್ಮಲ್ಲಿಗೆ ಕಳಿಸಿದರು. ಅಜ್ಜಿಯ ಮನೆ, ಅಡಿಗೆ, ಅಭ್ಯಾಸ ಎಲ್ಲ ಬಲ್ಲವರಿಗೆ ಸಿಕ್ಕ ಸುಳಿವು ಅದು.

ಹಾಗಂತ ಎಲ್ಲವೂ ಅಲ್ಲೇ ಮುಗಿಯುವುದಿಲ್ಲ. ಏನು ಕಾಯಿಲೆ ಅಂತ ಇನ್ನೂ ಗೊತ್ತಾಗದಿದ್ದಾಗ ವೈದ್ಯರೇ ನೋಡಬೇಕು. ಕಾರಣವಿಲ್ಲದೆ ತೂಕ ಇಳಿಯುತ್ತಿದೆ, ಕಾಲು ಊದಿಕೊಂಡು ಮಲಗಿದರೆ ಉಸಿರು ಕಟ್ಟುತ್ತದೆ, ಕಫದಲ್ಲಿ ರಕ್ತ ಬಂತು, ಶುಗರ್ ಇರುವವರ ಪಾದದಲ್ಲಿ ಗಾಯವಾಗಿದೆ, ಮಾತ್ರೆ ತಗೊಂಡರೂ ಬಿಪಿ ಹತೋಟಿಗೆ ಬರುತ್ತಿಲ್ಲ ಅಂದರೆ ಕಾಯಬೇಡಿ, ಪಿಎಚ್‌ಸಿಗೆ ಬನ್ನಿ. ಇಂಥ ಕಡೆ ಒಂದು ಲಕ್ಷಣದ ಹಿಂದೆ ನಾಲ್ಕು ಕಾಯಿಲೆ ಇರಬಹುದು. ಅವುಗಳನ್ನು ಬೇರ್ಪಡಿಸಿ ನೋಡುವುದನ್ನು ಕಲಿಯಲೆಂದೇ ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಬೇಕು. ಗರ್ಭಿಣಿಗೆ ತಲೆನೋವು ಬಂದು ಕಣ್ಣು ಮಂಜಾದರೆ, ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಆಸ್ಪತ್ರೆಗೇ ಹೋಗಬೇಕು, ಆಗಲೇ ಹೊರಡಬೇಕು.

ಎದೆನೋವು ಬಂದು ಬೆವರುತ್ತಿದ್ದರೆ, ಬಾಯಿ ಒಂದು ಕಡೆಗೆ ಸೊಟ್ಟಗಾಗಿ ಮಾತು ತೊದಲಿದರೆ ಉಪಕೇಂದ್ರವೋ ಪಿಎಚ್‌ಸಿಯೋ ಅಂತ ಯೋಚಿಸುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ನನಗೆ ನಿಜಕ್ಕೂ ನೋವಾಗುವುದು ಬೇರೆ ವಿಷಯಕ್ಕೆ. "ಅವರು ಬರೀ ನರ್ಸು" ಅಂತ ಸಿಎಚ್‌ಒ ಅವರನ್ನು ತಳ್ಳಿಹಾಕಿ, ಕೆಲವರು ಯಾವ ಓದೂ ಇಲ್ಲದೆ ಸೂಜಿ ಚುಚ್ಚುವವರ ಹತ್ತಿರ ಹೋಗುತ್ತಾರೆ. ಸಿಎಚ್‌ಒ ಹಿಂದೆ ಪಿಎಚ್‌ಸಿಯ ವೈದ್ಯಾಧಿಕಾರಿ ಇರುತ್ತಾರೆ. ಸಂದೇಹ ಬಂದರೆ ಇ-ಸಂಜೀವಿನಿ ಎಂಬ ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ ಸೇವೆಯ ಮೂಲಕ ನಿಮ್ಮನ್ನು ಅಲ್ಲೇ ಕೂರಿಸಿಕೊಂಡು ವೈದ್ಯರೊಂದಿಗೆ ಮಾತಾಡಿಸಬಹುದು. "ಡಾಕ್ಟ್ರ ಹತ್ರ ಒಂದ್ಸಲ ಕೇಳಿ ಮೇಡಂ" ಅನ್ನುವುದಕ್ಕೆ ಸಂಕೋಚ ಬೇಡ.

ಯಾರ ಹತ್ತಿರ ಹೋದರೂ ಹಳೆಯ ಚೀಟಿ ಮತ್ತು ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಜೊತೆಗೆ ಒಯ್ಯಿರಿ, ಸಂಚಿಯಲ್ಲಿರುವುದನ್ನೂ ಸೇರಿಸಿ. ವಯಸ್ಸು 30 ದಾಟಿದ್ದು ಬಿಪಿ, ಶುಗರ್ ಇನ್ನೂ ನೋಡಿಸಿಕೊಂಡಿಲ್ಲವಾದರೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಈ ವಾರವೇ ಉಪಕೇಂದ್ರಕ್ಕೆ ಹೋಗಿ ಬನ್ನಿ. ನಮಸ್ಕಾರ.