ಮೆಸ್ಸಿನ ಮೇಜು, ಲ್ಯಾಬಿನ ಮೇಜು

ಕೇಳುಗರಿಗೆ ನಮಸ್ಕಾರ.

ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಯಲ್ಲಿ ಅರ್ಧದಷ್ಟು ಸೀಟು ಕರ್ನಾಟಕದವರಿಗೆ, ಉಳಿದರ್ಧ ಹೊರರಾಜ್ಯದವರಿಗೆ. ಮಣಿಪಾಲವಂತೂ 1953ರಲ್ಲಿ ಮೆಡಿಕಲ್ ಕಾಲೇಜು ಶುರುವಾದ ಮೇಲೆ ದೂರದೂರದ ಮಕ್ಕಳನ್ನು ಕಂಡ ಊರು. ಹಾಗೆಂದು ಅಲ್ಲಿ ಎಲ್ಲರಿಗೂ ಎಲ್ಲರೂ ಗೆಳೆಯರೇ? ರಾತ್ರಿ ಊಟದ ಹೊತ್ತಿಗೆ ಯಾವುದಾದರೂ ಹಾಸ್ಟೆಲ್ ಮೆಸ್ಸಿಗೆ ಹೋಗಿ ನೋಡಿ. ಮಲಯಾಳಿಗಳದ್ದು ಒಂದು ಮೇಜು, ಹಿಂದಿಯವರದ್ದು ಇನ್ನೊಂದು, ತುಳು ಮಾತಾಡುವವರು ಕಿಟಕಿ ಪಕ್ಕ. ಜಗಳವೇನೂ ಇಲ್ಲ, ಒಡನಾಟವೂ ಇಲ್ಲ.

ಇದು ನಮ್ಮೂರಿನ ಮಕ್ಕಳ ಗುಣ ಮಾತ್ರ ಅಲ್ಲ. ಅಮೆರಿಕದ ಕಾನ್ಸಸ್‌ನಲ್ಲಿ ಸಂಶೋಧಕರು ದೊಡ್ಡ ವಿಶ್ವವಿದ್ಯಾಲಯವೊಂದರ ಗೆಳೆತನಗಳನ್ನು ಸಣ್ಣ ಕಾಲೇಜುಗಳ ಜೊತೆ ಹೋಲಿಸಿದರು. ದೊಡ್ಡ ಕಡೆ ನಾನಾ ಬಗೆಯ ಜನ ಇದ್ದರೂ ಗೆಳೆಯರು ಮಾತ್ರ ಒಬ್ಬರಂತೆ ಇನ್ನೊಬ್ಬರು! ಆರಿಸಿಕೊಳ್ಳಲು ಜನ ಹೆಚ್ಚಿದ್ದಾಗ ನಾವು ನಮ್ಮಂಥವರನ್ನೇ ಹುಡುಕುತ್ತೇವೆ.

ಪೂರ್ವಗ್ರಹ ಕರಗಬೇಕಾದರೆ ಸರಿಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಮೇಲಿನವರ ಬೆಂಬಲ ಇರಬೇಕು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು. ನಮ್ಮ ದೇಶದ್ದೇ ಉದಾಹರಣೆ ಬೇಕೇ? ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಉತ್ತರ ಪ್ರದೇಶದಲ್ಲಿ ಬೇರೆ ಬೇರೆ ಜಾತಿಯ 1,261 ಮಂದಿಯನ್ನು ಸೇರಿಸಿ, ಅವರಲ್ಲಿ 800 ಮಂದಿಯಿಂದ ಕ್ರಿಕೆಟ್ ಆಡಿಸಿದರು. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಬೆಳೆಯಿತು. ಬೇರೆ ಜಾತಿಯವರನ್ನು ಎದುರಾಳಿಗಳಾಗಿಯೇ ಕಂಡವರಲ್ಲಿ ಒಡನಾಟ ಕಡಿಮೆಯೇ ಆಯಿತು. ಮೈದಾನ ಅದೇ, ಚೆಂಡು ಅದೇ.

ಕಾಲೇಜಿನಲ್ಲಿ ಈ ಕೆಲಸ ಮಾಡುವುದು ಕೆಮಿಸ್ಟ್ರಿ ಲ್ಯಾಬ್. ಅಲ್ಲಿ ಜೋಡಿ ಕಟ್ಟುವುದು ರೋಲ್ ನಂಬರ್. ಉಳ್ಳಾಲದ ಬ್ಯಾರಿ ಹುಡುಗಿ ಹನಿಹನಿಯಾಗಿ ದ್ರಾವಣ ಬಿಡುವ ಗಾಜಿನ ಕೊಳವೆ, ಅಂದರೆ ಬ್ಯೂರೆಟ್ಟಿನ ತಿರುಪು ಹಿಡಿದಿರುತ್ತಾಳೆ, ಪಟ್ನಾದ ಹುಡುಗ ಕೆಳಗೆ ಫ್ಲಾಸ್ಕ್ ಆಡಿಸುತ್ತಿರುತ್ತಾನೆ. ಫ್ಲಾಸ್ಕಿನೊಳಗೆ ತಿಳಿ ಗುಲಾಬಿ ಬಣ್ಣ ಬಂದ ತಕ್ಷಣ ಅವನು "ಸಾಕು" ಅನ್ನಬೇಕು, ಅವಳು ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೆ ರೀಡಿಂಗ್ ಇಬ್ಬರದ್ದೂ ಹಾಳು. ಬೈದುಕೊಳ್ಳುತ್ತಾರೆ, ಮತ್ತೆ ಶುರು ಮಾಡುತ್ತಾರೆ. ಆ ಬೈಗುಳದಲ್ಲಿ ಜಾತಿ, ಊರು ಯಾವುದೂ ಬರುವುದಿಲ್ಲ. ಸಂಜೆ ರೆಕಾರ್ಡ್ ಬರೆಯುವಾಗ ಗೋಳಿಬಜೆ ಪೊಟ್ಟಣ ನಡುವೆ ಇರುತ್ತದೆ.

ರಾಜ್ಯಕ್ಕೊಂದು ಮಳಿಗೆ ಹಾಕಿ ಏಕತಾ ದಿನ ಆಚರಿಸುವುದರ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಅಲ್ಲಿ ಅವರವರ ಮಳಿಗೆಯಲ್ಲಿ ಅವರವರೇ ನಿಂತಿರುತ್ತಾರೆ. ಅದರ ಬದಲು ಮೊದಲ ವರ್ಷ ಹಾಸ್ಟೆಲ್ ಕೋಣೆಗಳನ್ನು ಚೀಟಿ ಎತ್ತಿ ಹಂಚಿ. "ನಮ್ಮ ಊರಿನವರ ಜೊತೆಗೇ ಹಾಕಿ ಸಾರ್" ಎಂದು ಫೋನ್ ಮಾಡುವ ಅಪ್ಪ-ಅಮ್ಮಂದಿರಿಗೆ ವಾರ್ಡನ್‌ಗಳು ಎರಡನೇ ವರ್ಷದ ತನಕ ಕಾಯಲು ಹೇಳಲಿ. ಆಗಲೂ ಮಕ್ಕಳೇ ಕೇಳಿದರೆ ಕೊಡಲಿ.

ನಮಸ್ಕಾರ.