ಪೆನ್ ಡ್ರೈವ್‌ನಲ್ಲಿ ಲಿನಕ್ಸ್

ಕೇಳುಗರಿಗೆ ನಮಸ್ಕಾರ.

ನಿಮ್ಮ ಮನೆಯಲ್ಲಿ ಎಂಟು ಹತ್ತು ವರ್ಷದ ಲ್ಯಾಪ್‌ಟಾಪ್ ಇದೆಯಾ? ಅದರಲ್ಲಿ ಬಹುಶಃ ವಿಂಡೋಸ್ 10 ಇರುತ್ತದೆ. ಅದಕ್ಕಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಹೊಸ ಪ್ರೊಸೆಸರ್ ಬೇಕು ಅನ್ನುತ್ತದೆ. ಅಂಗಡಿಯವರು "ಹೊಸದು ತಗೊಳ್ಳಿ ಸಾರ್" ಅನ್ನುತ್ತಾರೆ. ಸ್ವಲ್ಪ ತಡೆಯಿರಿ. ವಿಂಡೋಸ್ ಹಾಗೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ ಇದೆ, ಲಿನಕ್ಸ್ ಅಂತ. ಮೊದಲು ಪೆನ್ ಡ್ರೈವ್‌ನಿಂದ ಅದನ್ನು ನಡೆಸಿ ನೋಡಿ. ನಾನು ಹೇಳಲು ಬಂದಿರುವುದು ಇಷ್ಟೇ.

ಲಿನಕ್ಸ್ ಏನೋ ಹೊಸದು ಅಂದುಕೊಳ್ಳಬೇಡಿ. ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲೇ ಶುರು ಮಾಡಿದ್ದು. ನಿಮ್ಮ ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲಿರುವುದೂ ಅದೇ.

ನಮ್ಮ ದೊಡ್ಡಪ್ಪನ ಕಥೆ ಹೇಳುತ್ತೇನೆ. ನಿವೃತ್ತ ಮೇಷ್ಟ್ರು. ಅವರ ಲ್ಯಾಪ್‌ಟಾಪ್ ಆನ್ ಮಾಡಿ, ಕಾಫಿ ಕುಡಿದು ಬಂದರೂ ಚಕ್ರ ತಿರುಗುತ್ತಲೇ ಇರುತ್ತಿತ್ತು. ಒಂದು ಭಾನುವಾರ ಎಂಟು ಜಿಬಿಯ ಪೆನ್ ಡ್ರೈವ್‌ನಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿಕೊಂಡು ಹೋದೆ. ಸುಮ್ನೆ ಕಾಪಿ ಮಾಡಿದರೆ ಆಗಲ್ಲ, ರೂಫಸ್ ಅನ್ನುವ ತಂತ್ರಾಂಶದಿಂದ ಬರೆಯಬೇಕು. ಚುಚ್ಚಿದೆ, ಆನ್ ಮಾಡಿದೆ, ಪೆನ್ ಡ್ರೈವ್‌ನಿಂದ ಶುರುವಾಗಲಿ ಅಂತ ಎಫ್12 ಒತ್ತಿದೆ.

"ಲೋ, ಮೊಮ್ಮಗಳ ಫೋಟೋ ಎಲ್ಲ ಹೋದಾವು!"

"ಏನೂ ಮುಟ್ಟಲ್ಲ ದೊಡ್ಡಪ್ಪ, ನೀವು ಸುಮ್ನಿರಿ."

ಒತ್ತಿದ್ದು ತಡವಾಯಿತು, ವಿಂಡೋಸ್ ಬಂತು. ಮತ್ತೆ ಮಾಡಿದೆ, ಮತ್ತೆ ವಿಂಡೋಸ್. "ನೋಡು, ಅದಕ್ಕೇ ಇಷ್ಟ ಇಲ್ಲ" ಅಂದರು. ಮೂರನೇ ಸಲಕ್ಕೆ ಮಿಂಟ್ ಬಂತು. ವೈಫೈ ಸಿಕ್ಕಿತು. ಫೈರ್‌ಫಾಕ್ಸ್‌ನಲ್ಲಿ ಪೇಪರ್ ಓದಿದರು. ಹಾರ್ಡ್ ಡಿಸ್ಕ್ ತೆರೆದು ತೋರಿಸಿದೆ, ಮೊಮ್ಮಗಳು ಅಲ್ಲೇ ನಗುತ್ತಿದ್ದಳು.

ಆಮೇಲೆ ಮೇಷ್ಟ್ರ ಪ್ರಶ್ನೆ ಬಂತು: "ಕನ್ನಡ ಬರುತ್ತಾ?" ಅವರು ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ಪಳಗಿದ ಕೈ. ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲು ಬೇಕಾದ ಐಬಸ್ ಸೇರಿಸಿ, ನುಡಿಯಲ್ಲಿರುವಂಥದ್ದೇ ಕೆಜಿಪಿ ಕೀಲಿಮಣೆ ಆರಿಸಿಕೊಟ್ಟೆ. ತಮ್ಮ ಹೆಸರು, ಊರು, ಮನೆ ವಿಳಾಸ ಟೈಪ್ ಮಾಡಿದರು. ಕನ್ನಡಕ ಏರಿಸಿಕೊಂಡು ಒಂದೊಂದೇ ಒತ್ತಕ್ಷರ ನೋಡಿದರು, ಕಾಪಿ ಬರಹ ತಿದ್ದುವ ಹಾಗೆ. ತಪ್ಪು ಸಿಗಲಿಲ್ಲ. ಸ್ವಲ್ಪ ಬೇಜಾರೇ ಆಯಿತು ಅನ್ನಿಸುತ್ತದೆ.

ಲ್ಯಾಪ್‌ಟಾಪ್ ಆಫ್ ಮಾಡಿ ಪೆನ್ ಡ್ರೈವ್ ಕಿತ್ತೆ, ಮತ್ತೆ ಆನ್ ಮಾಡಿದೆ. ಹಳೇ ವಿಂಡೋಸ್ ಇದ್ದ ಹಾಗೇ ಬಂತು. ಅದನ್ನು ನೋಡಿದ ಮೇಲೇ ಅವರು "ಸರಿ, ಹಾಕು" ಅಂದದ್ದು. ಗೊತ್ತಾಯಿತಲ್ಲ? ಮೊದಲು ಪೆನ್ ಡ್ರೈವ್. ಹಾಕಿಸುವುದು ಆಮೇಲೆ.

ಕಥೆ ಉದ್ದವಾಯಿತು, ಉಳಿದದ್ದು ಬೇಗ ಹೇಳುತ್ತೇನೆ. ವರ್ಡ್, ಎಕ್ಸೆಲ್ ಫೈಲುಗಳಿಗೆ ಲಿಬ್ರೆ ಆಫೀಸ್ ಇದೆ, ದುಡ್ಡು ಕೊಡಬೇಕಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ವಿಂಡೋಸ್‌ನಲ್ಲೇ ಇರಿ. ಹಾಕಿಸುವ ಮುಂಚೆ ಫೋಟೋಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ.

"ಲಿನಕ್ಸ್ ಕಷ್ಟ ಅಂತೆ, ಕಪ್ಪು ಪರದೆಯಲ್ಲಿ ಏನೇನೋ ಟೈಪ್ ಮಾಡಬೇಕಂತೆ." ಇದನ್ನು ಕೇಳಿ ಕೇಳಿ ಸಾಕಾಗಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಆ ಮಕ್ಕಳಿಗೆ ಬರುವುದು ನಮಗೆ ಬರಲ್ವಾ?

ಈ ಭಾನುವಾರ ಕೂತುಕೊಳ್ಳಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್12 ಬದಲು ಎಸ್ಕೇಪ್ ಅಥವಾ ಎಫ್9 ಇರುತ್ತದೆ. ಆನ್ ಮಾಡಿದ ತಕ್ಷಣ ಒತ್ತಿ, ನನ್ನ ಹಾಗೆ ತಡ ಮಾಡಬೇಡಿ. ನಮಸ್ಕಾರ.