ಕೆರೆಯ ಉಸಿರು ನೋಡಲು ನಸುಕಿನಲ್ಲೇ ಹೋಗಿ

ಕೇಳುಗರಿಗೆ ನಮಸ್ಕಾರ.

ನಸುಕಿನಲ್ಲಿ ಕೆರೆ ಏರಿಯ ಮೇಲೆ ನಡೆಯುವ ಅಭ್ಯಾಸ ಇರುವವರು ಇದನ್ನು ನೋಡಿರುತ್ತೀರಿ. ಮೀನುಗಳು ಗುಂಪುಗುಂಪಾಗಿ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಆಟವಾಡುತ್ತಿವೆ ಅಂತ ಮಕ್ಕಳಿಗೆ ತೋರಿಸುತ್ತೇವೆ. ಆದರೆ ಅವಕ್ಕೆ ಉಸಿರು ಕಟ್ಟುತ್ತಿರುತ್ತದೆ. ಗಾಳಿ ತಾಗುವ ತೆಳು ಪದರದಲ್ಲಿ ಉಳಿದ ಚೂರು ಆಮ್ಲಜನಕಕ್ಕಾಗಿ ಮೇಲೆ ಬಂದಿರುತ್ತವೆ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ನೀರಿನಲ್ಲಿ? 25 ಡಿಗ್ರಿ ಬಿಸಿಯಿರುವ ಒಂದು ಲೀಟರ್ ಶುದ್ಧ ನೀರಿನಲ್ಲಿ ಗಾಳಿಯಿಂದ ಕರಗುವುದು ಸುಮಾರು 8 ಮಿಲಿಗ್ರಾಂ, ಅಷ್ಟೇ. 30 ಡಿಗ್ರಿಗೆ ಏರಿದರೆ ಏಳೂವರೆ. ಮೀನು ಬದುಕುವ ನೀರಿನಲ್ಲಿ ಕನಿಷ್ಠ 4 ಇರಬೇಕು, ಜನ ಸ್ನಾನ ಮಾಡುವ ನೀರಿನಲ್ಲಿ 5 ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಎಷ್ಟು ಸಣ್ಣ ಅಂಚು ನೋಡಿ! ಒಳಚರಂಡಿ ನೀರು ಸೇರಿತು ಅಂದರೆ, ಆ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳೇ ಈ ಉಸಿರನ್ನೆಲ್ಲ ಹೀರಿಬಿಡುತ್ತವೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನಿಮಗೆ ನೆನಪಿರಬಹುದು. ಆಗಲೂ ಆಮ್ಲಜನಕ ಕುಸಿದ ಮಾತೇ ಬಂತು.

ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ದಾರಿಯನ್ನು ಹಂಗೇರಿಯ ರಸಾಯನಶಾಸ್ತ್ರಜ್ಞ ಲಾಯೋಶ್ ವಿಂಕ್ಲರ್ 1888ರಲ್ಲೇ ತೋರಿಸಿಕೊಟ್ಟರು. ನನಗೆ ಇವತ್ತಿಗೂ ಅದರ ಮೇಲೆ ಪ್ರೀತಿ. 300 ಮಿಲಿ ಗಾಜಿನ ಬಾಟಲಿಯನ್ನು ನೀರಿನೊಳಗೆ ಮುಳುಗಿಸಿ, ಒಂದು ಗುಳ್ಳೆಯೂ ಇಲ್ಲದಂತೆ ತುಂಬಿಸಿ, ನೀರಿನೊಳಗೇ ಮುಚ್ಚಳ ಹಾಕಬೇಕು. ಬಕೆಟ್‌ನಲ್ಲಿ ಮೊಗೆದು ಸುರಿದರೆ ಗಾಳಿ ಬೆರೆತು ಲೆಕ್ಕವೇ ಕೆಡುತ್ತದೆ. ಆಮೇಲೆ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್, ಅದರ ಹಿಂದೆಯೇ ಕ್ಷಾರ ಬೆರೆಸಿದ ಅಯೊಡೈಡ್. ಬಾಟಲಿಯೊಳಗೆ ಮೊಸರು ಒಡೆದ ಹಾಗೆ ಗಷ್ಟು ಕಟ್ಟುತ್ತದೆ. ಅದು ಕಂದು ಬಣ್ಣಕ್ಕೆ ತಿರುಗಿದರೆ ನೀರಿನಲ್ಲಿ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಇಲ್ಲ. ಆಸಿಡ್ ಹಾಕಿ ಆ ಗಷ್ಟು ಕರಗಿಸಿ, ಗಂಜಿ ದ್ರಾವಣ ಬೆರೆಸಿದಾಗ ಬರುವ ನೀಲಿ ಬಣ್ಣ ಮಾಯವಾಗುವ ತನಕ ಥಯೋಸಲ್ಫೇಟ್ ಎಂಬ ರಾಸಾಯನಿಕದ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಬಾಟಲಿಯಿಂದ ತೆಗೆದ 200 ಮಿಲಿ ಮಾದರಿಗೆ 0.025 ನಾರ್ಮಲ್ ಸಾಂದ್ರತೆಯ ಈ ದ್ರಾವಣ ಎಷ್ಟು ಮಿಲಿ ಖರ್ಚಾಯಿತೋ, ಲೀಟರಿಗೆ ಅಷ್ಟು ಮಿಲಿಗ್ರಾಂ ಆಮ್ಲಜನಕ. ಈಗ ಮೀಟರ್ ಇದೆ, ಅದ್ದಿದರೆ ಅಂಕಿ ಬರುತ್ತದೆ. ಅದನ್ನು ಆಗಾಗ ಸರಿಹೊಂದಿಸಿಕೊಳ್ಳಬೇಕು ಅಷ್ಟೇ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದು ಬಂದಿದ್ದು ಹೊತ್ತಿನ ಬಗ್ಗೆ. ಹಸಿರು ಪಾಚಿ ತುಂಬಿದ ಕೆರೆಗೆ ಮಧ್ಯಾಹ್ನ 2 ಗಂಟೆಗೆ ಹೋಗಿ ಅಳೆದರೆ 10, 12 ಸಿಗಬಹುದು. ಬಿಸಿಲಿನಲ್ಲಿ ಪಾಚಿ ಆಮ್ಲಜನಕ ತಯಾರಿಸುತ್ತಲೇ ಇರುತ್ತದೆ. ವರದಿ ನೋಡಿದವರು ಕೆರೆ ಚೆನ್ನಾಗಿದೆ ಅಂದುಬಿಡುತ್ತಾರೆ. ಕತ್ತಲಾದ ಮೇಲೆ ತಯಾರಿಕೆ ನಿಂತಿರುತ್ತದೆ, ಆದರೆ ಹಗಲೂ ರಾತ್ರಿ ನಡೆಯುವ ಪಾಚಿಯ ಉಸಿರಾಟ ಮಾತ್ರ ನಿಲ್ಲುವುದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಅದೇ ನೀರು 2ಕ್ಕೂ ಕೆಳಗೆ ಇಳಿದಿರಬಹುದು. ಮೀನು ಸಾಯುವುದು ಆ ಹೊತ್ತಿನಲ್ಲಿ. ಅದಕ್ಕೇ, ಸಮಯ ಬರೆಯದ ಅಂಕಿಯನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ಕೆರೆಯಲ್ಲಿ ಮೀನಿದೆಯಲ್ಲ, ನೀರು ಸರಿಯಾಗೇ ಇದೆ ಅಂತ ತುಂಬಾ ಜನ ಹೇಳುತ್ತಾರೆ. ಯಾವ ಮೀನು ಅಂತ ಕೇಳಿ. ಆಫ್ರಿಕನ್ ಕ್ಯಾಟ್‌ಫಿಶ್ ಮೇಲೆ ಬಂದು ನೇರ ಗಾಳಿಯನ್ನೇ ಕುಡಿಯಬಲ್ಲದು. ಕಾಟ್ಲಾ, ರೋಹುಗೆ ಅದು ಆಗುವುದಿಲ್ಲ.

ನಿಮ್ಮ ಊರಿನ ಶಾಲೆಯ ಮಕ್ಕಳನ್ನು ಮೇಷ್ಟರ ಜೊತೆ ಒಂದು ದಿನ ಕೆರೆಗೆ ಕಳಿಸಿ. ಒಂದು ಬಾಟಲಿ ಸೂರ್ಯ ಹುಟ್ಟುವ ಮುಂಚೆ, ಇನ್ನೊಂದು ಮಧ್ಯಾಹ್ನ, ಎರಡೂ ಒಂದೇ ಜಾಗದಿಂದ ತುಂಬಲಿ. ರಾಸಾಯನಿಕಗಳನ್ನು ಮೇಷ್ಟರೇ ಹಾಕಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಕಂದು ಎಷ್ಟು, ಬಿಳಿ ಎಷ್ಟು ಅಂತ ಮಕ್ಕಳೇ ನೋಡಲಿ. ನಮಸ್ಕಾರ.